ಶಬ್ದವಿಚಾರ: ಇನ್‌ಕಮ್ಯೂನಿಕಾಡೊ

ಬಂದಿಗಳ ವಾರ್ತೆಗಳಲ್ಲಿ ಆಗಾಗ ತಲೆದೋರುವ ‘ಇನ್‌ಕಮ್ಯೂನಿಕಾಡೊ’ ಎಂಬ ಶಬ್ದ ಇಂಗ್ಲಿಷಿನ ಸ್ವಂತ ಸೊತ್ತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪ್ಯಾನಿಷಿನಿಂದ ತಂದ ಕಡ. ಇದರ ಬೇರು ಲ್ಯಾಟಿನ್ನಿನ ‘ಕಮ್ಯೂನಿಸ್’. ಎಂದರೆ, ಎಲ್ಲರಿಗೂ ಸೇರಿದುದು. ಎಲ್ಲರೊಡನೆ ಹಂಚಿಕೊಳ್ಳುವ ಮಾತು ಯಾರಿಗೆ ಇಲ್ಲವಾಯಿತೋ ಅವನು ಇನ್‌ಕಮ್ಯೂನಿಕಾಡೊ. ಸ್ಪ್ಯಾನಿಷಿನಲ್ಲಿ ಹಿಮ ಬಿದ್ದು ದಾರಿ ಕಡಿದ ಹಳ್ಳಿಗೂ ಈ ವಿಶೇಷಣ ಸಲ್ಲುತ್ತದೆ.

ಕನ್ನಡದಲ್ಲಿ ಇದಕ್ಕೆ ‘ಅಜ್ಞಾತವಾಸ’ ಎನ್ನಬಹುದೇ? ಸಲ್ಲದು. ವಿರಾಟನಗರದಲ್ಲಿ ಪಾಂಡವರು ಎಲ್ಲರೊಡನೆಯೂ ಮಾತನಾಡಿಕೊಂಡಿದ್ದರು; ಮರೆಯಾಗಿದ್ದುದು ಅವರ ಗುರುತು ಮಾತ್ರ. ಇಲ್ಲಿಯಾದರೋ ಹೆಸರು, ಸ್ಥಳ ಎರಡೂ ತಿಳಿದಿರಬಹುದು. ಮಾತಿಗೆ ಮಾತ್ರ ತಡೆ. ‘ಏಕಾಂತ’ವೆಂಬುದು ಮನುಷ್ಯನು ಬಯಸಿ ಪಡೆಯುವಂಥದು. ‘ಒಂಟಿಸೆರೆ’ಯೂ ಸರಿಹೊಂದದು. ಒಂಟಿಸೆರೆಯಲ್ಲಿರುವವನಿಗೆ ಮನೆಯ ಕಾಗದ ಬರಬಹುದು. ಹತ್ತು ಮಂದಿ ಒಂದೇ ಕೋಣೆಯಲ್ಲಿದ್ದೂ ಹೊರಗಿನವರಿಗೆ ದೂರವಾಗಿರಬಹುದು. 1964ರಲ್ಲಿ ರಾಬೆನ್ ದ್ವೀಪದ ಸೆರೆ ಸೇರಿದ ನೆಲ್ಸನ್ ಮಂಡೇಲಾ ಅವರಿಗೆ ಮೊದಮೊದಲು ಆರು ತಿಂಗಳಿಗೆ ಒಂದು ಪತ್ರ, ಒಂದು ಭೇಟಿ. ಕಠೋರವಾದ ಕಟ್ಟಳೆಯೇ ಸರಿ. ಆದರೂ ಒಂದು ಕಿಂಡಿ ಉಳಿದಿತ್ತು. ಆ ಕಿಂಡಿಯನ್ನೂ ಮುಚ್ಚಿದಾಗಲೇ ಈ ಶಬ್ದ ಪೂರ್ಣಾರ್ಥದಲ್ಲಿ ಒಪ್ಪುವುದು. ‘ಹೊರಸಂಪರ್ಕವಿಲ್ಲದ ಬಂಧನ’ ಎಂದರೆ ಭಾವ ಸ್ಪಷ್ಟ.

ನಮ್ಮ ಸಂವಿಧಾನದ 22ನೆಯ ವಿಧಿ ಇಂಥ ಬಂಧನಕ್ಕೆ ಎದುರಾದ ಬೇಲಿ. ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲನನ್ನು ಕಾಣಗೊಡಬೇಕು, ಪ್ರಯಾಣದ ಕಾಲ ಕಳೆದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮುನ್ನೆಚ್ಚರಿಕೆಯ ಬಂಧನಕ್ಕೆ ಬೇರೆ ನಿಯಮಗಳುಂಟು. ಡಿ. ಕೆ. ಬಸು ಅವರ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೊಂದು ಮಾತನ್ನು ಖಚಿತಪಡಿಸಿತು: ಬಂಧನದ ಸುದ್ದಿಯನ್ನು ಬಂಧುವಿಗೋ ಸ್ನೇಹಿತನಿಗೋ ಮುಟ್ಟಿಸಬೇಕು.

ರಜೆಯ ಮೇಲೆ ಬೆಟ್ಟಕ್ಕೆ ಹೋಗಿ ದೂರವಾಣಿಗೆ ಓಗೊಡದ ಅಧಿಕಾರಿಯನ್ನೂ ವಿನೋದವಾಗಿ ಇದೇ ಶಬ್ದದಿಂದ ಕರೆಯುವುದುಂಟು. ಬಳಕೆಯಲ್ಲಿ ತಪ್ಪಿಲ್ಲ. ಆದರೆ ಆತನು ಬಯಸಿದ ಗಳಿಗೆಯಲ್ಲಿ ಮಾತನಾಡಬಲ್ಲನು. ಬಂದಿಗೆ ಆ ಸ್ವಾತಂತ್ರ್ಯವಿಲ್ಲ. ಅಷ್ಟೇ ಅಲ್ಲ, ಸೆರೆಯೊಳಗಿನವನ ಮಾತು ಕಡಿದಾಗ ಹೊರಗಿನವರ ಮಾತೂ ಕಡಿಯುತ್ತದೆ. ಮಗನು ಉಂಡನೋ ಇಲ್ಲವೋ, ಇದ್ದಾನೋ ಇಲ್ಲವೋ ಎಂದು ತಿಳಿಯದೆ ಬಾಗಿಲಲ್ಲಿ ನಿಂತ ತಾಯಿಯನ್ನು ಬಣ್ಣಿಸಲು ನಿಘಂಟಿನಲ್ಲಿ ಬೇರೆ ಶಬ್ದವಿಲ್ಲ. ಆಕೆಯ ಪಾಲಿಗೂ ಅದೇ ಶಬ್ದ.