ಹಣೆಗಿಡುವ ಬಣ್ಣಕ್ಕೂ ಪರೀಕ್ಷೆಯಾಗಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

2024ರ ಮಾರ್ಚ್‌ನಲ್ಲಿ ತಮ್ಮ ಇಲಾಖೆ ಗೋಬಿ ಮಂಚೂರಿಗೆ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದಾಗ ನಮ್ಮೂರಿನ ತಳ್ಳುಗಾಡಿಗಳವರು ಕೆಲವು ದಿನ ಗೊಣಗಿದರು. ಆಮೇಲೆ ಗೋಬಿಯ ಕೆಂಪು ಹೋಯಿತು, ಜನ ಹಾಗೇ ತಿಂದರು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣವಿತ್ತು ಎಂದು ಇಲಾಖೆ ಲೆಕ್ಕ ಸಮೇತ ಹೇಳಿತ್ತು. ಲೆಕ್ಕ ಎದುರಿಗಿದ್ದುದರಿಂದ ಯಾರೂ ಹೆಚ್ಚು ವಾದಕ್ಕೆ ಹೋಗಲಿಲ್ಲ. ರೋಡಮಿನ್-ಬಿ ಎಂಬ ಬಣ್ಣದ ಹೆಸರು ಶಾಲೆಯ ಮಕ್ಕಳ ಬಾಯಲ್ಲೂ ಓಡಾಡಿತು.

ಆ ಭರವಸೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಬಾಯಿಗೆ ಹೋಗುವ ಬಣ್ಣವನ್ನು ಹಿಡಿದು ನಿಲ್ಲಿಸಿದ ಇಲಾಖೆ ಹಣೆಗಿಡುವ ಬಣ್ಣವನ್ನೂ ಹಿಡಿದು ನೋಡಬೇಕು. ಸೌಂದರ್ಯವರ್ಧಕ ತಯಾರಿಸುವವರಿಗೆ ಲೈಸೆನ್ಸ್ ಕೊಡುವುದು, ಅಂಗಡಿಗಳಲ್ಲಿ ಮಾದರಿ ತೆಗೆಯುವುದು, ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು, ತಪ್ಪಿದವರ ಮೇಲೆ ಕೇಸು ಹಾಕುವುದು, ಎಲ್ಲವೂ ತಮ್ಮ ಕೈಕೆಳಗೇ ಇವೆ. ಮೈಗೆ ಹಚ್ಚುವುದೆಲ್ಲ ನೈಸರ್ಗಿಕವಾಗಿರಲಿ, ಮನೆಯವರ ಆರೋಗ್ಯ ನಿಮ್ಮ ಕೈಯಲ್ಲಿದೆ ಎಂದು ಹೆಂಗಸರಿಗೆ ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಪೊಟ್ಟಣದೊಳಗೆ ಏನಿದೆಯೆಂದೇ ತಿಳಿಯದಿದ್ದರೆ ಆ ಹೆಂಗಸರು ಆರಿಸುವುದಾದರೂ ಹೇಗೆ?

ಕುಂಕುಮದಿಂದಲೇ ಶುರುಮಾಡುತ್ತೇನೆ. ಕ್ರೀಮು, ಲಿಪ್‌ಸ್ಟಿಕ್ ಎಲ್ಲರ ಮನೆಯಲ್ಲೂ ಇರುವುದಿಲ್ಲ, ಕುಂಕುಮದ ಭರಣಿ ಇದ್ದೇ ಇರುತ್ತದೆ. ನಾನಿರುವ ಚಾಮರಾಜನಗರದ ಸುತ್ತ ಅರಿಶಿನ ಬೆಳೆಯುತ್ತಾರೆ. ನಮ್ಮೂರಿನ ಸ್ತ್ರೀಶಕ್ತಿ ಸಂಘದ ಹೆಂಗಸರು ಈಗಲೂ ಹಳೆಯ ಕ್ರಮದಲ್ಲೇ ಕುಂಕುಮ ಮಾಡುತ್ತಾರೆ. ಒಣಗಿದ ಅರಿಶಿನದ ಕೊಂಬನ್ನು ಸಣ್ಣ ಚೂರಾಗಿ ಒಡೆದು, ಪಿಂಗಾಣಿ ಪಾತ್ರೆಗೆ ಹಾಕಿ, ಬಿಳಿಗಾರ ಮತ್ತು ಪಟಿಕದ ಪುಡಿ ಉದುರಿಸಿ, ಮುಳುಗುವಷ್ಟು ನಿಂಬೆರಸ ಹಿಂಡುತ್ತಾರೆ. ಮೊದಲ ದಿನ ಎಲ್ಲವೂ ಕಿತ್ತಳೆ ಬಣ್ಣ. ದಿನಾ ಮರದ ಸೌಟಿನಿಂದ ಕೈಯಾಡಿಸುತ್ತ ಹೋದಂತೆ ರಸ ಒಳಗಿಳಿದು ಚೂರುಗಳು ಕೆಂಪೇರುತ್ತವೆ. ಒಂದನ್ನು ಮುರಿದು ನೋಡಿ, ನಡುವಿನ ಹಳದಿ ಪೂರ್ತಿ ಹೋಗಿದ್ದರೆ ನೆರಳಿನಲ್ಲಿ ಒಣಗಿಸಿ ಒರಳಲ್ಲಿ ಕುಟ್ಟುತ್ತಾರೆ, ತೆಳುಬಟ್ಟೆಯಲ್ಲಿ ಸೋಸುತ್ತಾರೆ, ಕೊನೆಗೆ ಒಂದಿಷ್ಟು ತುಪ್ಪ ಸವರಿ ಹದಮಾಡುತ್ತಾರೆ. ಅರಿಶಿನದ ಕರ್ಕ್ಯುಮಿನ್‌ಗೆ ಹುಳಿಯ ಜೊತೆಯಲ್ಲಿ ಬಿಳಿಗಾರದ ಬೋರಾನ್ ಸೇರಿದಾಗ ಹುಟ್ಟುವ ಕೆಂಪು ಇದು. ಬೋರಾನ್ ಪತ್ತೆಹಚ್ಚಲು ಪ್ರಯೋಗಾಲಯದಲ್ಲಿ ಅರಿಶಿನದ ಕಾಗದ ಬಳಸುವುದೂ ಇದೇ ಗುಣ ನಂಬಿ. ಇಂಥ ಕುಂಕುಮ ಉಜ್ವಲವಾಗಿರುವುದಿಲ್ಲ, ತುಸು ಮಂಕು. ಬಿಳಿಗಾರ ಇರುವುದರಿಂದ ಬಾಯಿಗೆ ಹೋಗಬಾರದು, ಎಳೆಗೂಸಿಗೆ ಹಚ್ಚಲೂಬಾರದು. ಮನೆಯಲ್ಲಿ ಮಾಡಿದ್ದೆಂಬ ಮಾತ್ರಕ್ಕೆ ಯಾವುದೂ ನಿರಪಾಯವಾಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಇದರಲ್ಲಿ ಏನೇನಿದೆ ಎಂಬುದು ಮಾಡಿದವರಿಗೆ ಗೊತ್ತು, ಕೇಳಿದವರಿಗೆ ಹೇಳುತ್ತಾರೆ.

ದೇವಸ್ಥಾನದ ಮುಂದೆ ಹಣ್ಣುಕಾಯಿ ತಟ್ಟೆಯಲ್ಲಿಟ್ಟು ಕೊಡುವ ಪೊಟ್ಟಣದ ಕತೆ ಬೇರೆ. ಬೆರಳುದ್ದದ ಪ್ಲಾಸ್ಟಿಕ್ ಚೀಲ, ಮೇಲೊಂದು ದೇವಿಯ ಚಿತ್ರ, ಒಳಗೆ ಕಣ್ಣು ಕೋರೈಸುವ ಕೆಂಪು. ಹಿಂದೆ ಮುಂದೆ ತಿರುಗಿಸಿದರೂ ತಯಾರಿಸಿದವರ ಹೆಸರಿಲ್ಲ, ಊರಿಲ್ಲ, ಎಷ್ಟು ದಿನದೊಳಗೆ ಬಳಸಬೇಕೆಂಬುದೂ ಇಲ್ಲ. ಒಂದು ಚಿಟಿಕೆಯನ್ನು ಲೋಟದ ನೀರಿಗೆ ಹಾಕಿದರೆ ಆ ಕ್ಷಣವೇ ಗುಲಾಬಿ ಬಣ್ಣ ಬಿಟ್ಟುಕೊಂಡು, ತಳದಲ್ಲಿ ಬಿಳಿಯ ಪುಡಿ ಕೂರುತ್ತದೆ. ಆ ಪುಡಿ ಗಂಜಿಹಿಟ್ಟೋ ಸೀಮೆಸುಣ್ಣವೋ, ಆ ಬಣ್ಣ ಯಾವುದೋ ಲೋಟ ನೋಡಿ ಹೇಳಲಾಗದು. ಅದನ್ನು ಹೇಳಬೇಕಾದ್ದು ತಮ್ಮ ಪ್ರಯೋಗಾಲಯ.

ನಿಯಮಗಳಿಲ್ಲ ಎಂದಲ್ಲ. ಸೌಂದರ್ಯವರ್ಧಕಕ್ಕೆ ಬಳಸುವ ಕೃತಕ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 20 ಭಾಗ ಮೀರಬಾರದು, ಆರ್ಸೆನಿಕ್ 2 ಭಾಗ ಮೀರಬಾರದು. ಕುಂಕುಮದ ಪುಡಿಗೆಂದೇ ಭಾರತೀಯ ಮಾನಕ ಬ್ಯೂರೊ ಮಾನದಂಡ ರೂಪಿಸಿದೆ. ಉತ್ತರ ಭಾರತದವರು ಬೈತಲೆಗೆ ಹಚ್ಚುವ ಸಿಂಧೂರದ 118 ಮಾದರಿಗಳನ್ನು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಮಾದರಿಗಳನ್ನು ಕೊಂಡದ್ದು ನ್ಯೂಜೆರ್ಸಿಯ ಅಂಗಡಿಗಳಲ್ಲಿ, ಮುಂಬೈ ಮತ್ತು ದೆಹಲಿಯಲ್ಲಿ. ಹಲವು ಮಾದರಿಗಳಲ್ಲಿ ಸೀಸ ಅಮೆರಿಕದ ಮಿತಿಯನ್ನು ದಾಟಿತ್ತು. ನಮ್ಮ ಕುಂಕುಮದ ಬಗ್ಗೆ ಅಂಥದೊಂದು ಲೆಕ್ಕವನ್ನು ಸರ್ಕಾರವೇ ಜನರ ಮುಂದಿಡಬೇಕು. ಸೀಸದ ವಿಷಯದಲ್ಲಿ ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅದರಲ್ಲೂ ಮಕ್ಕಳಿಗೆ. ಅಮ್ಮನ ಹಣೆ ಮುಟ್ಟಿದ ಮಗು ಬೆರಳನ್ನು ಬಾಯಿಗೇ ಇಟ್ಟುಕೊಳ್ಳುತ್ತದೆ. ದಿನವಿಡೀ ಕುಂಕುಮಾರ್ಚನೆ ಮಾಡುವ ಅರ್ಚಕರ ಬೆರಳನ್ನು ನೋಡಿದ್ದೀರಾ? ತೊಳೆದರೂ ಬಣ್ಣ ಬಿಡುವುದಿಲ್ಲ.

ಹಾಗೆಂದು ಕುಂಕುಮ ಬಿಟ್ಟು ಸ್ಟಿಕ್ಕರ್ ಹಚ್ಚಿಕೊಂಡರೂ ಪಾರಾಗುವಂತಿಲ್ಲ. ಕೆಲವು ಸ್ಟಿಕ್ಕರುಗಳ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಚರ್ಮದ ಬಣ್ಣ ತಯಾರಿಸುವ ಜೀವಕೋಶಗಳನ್ನೇ ಕೊಲ್ಲಬಲ್ಲದು. ಚರ್ಮರೋಗ ತಜ್ಞರಿಗೆ ಇದು ಹಳೆಯ ವಿಷಯ. ನಮ್ಮ ಬೀದಿಗೆ ಹೂ ತರುವ ಹೆಂಗಸಿನ ಹುಬ್ಬುಗಳ ನಡುವೆ ಸ್ಟಿಕ್ಕರಿನ ಅಳತೆಯದೇ ಒಂದು ಬಿಳಿ ಮಚ್ಚೆಯಿದೆ. ಅದನ್ನು ಮುಚ್ಚಲೆಂದು ಅದರ ಮೇಲೆ ಇನ್ನೂ ದೊಡ್ಡ ಸ್ಟಿಕ್ಕರ್ ಅಂಟಿಸಿಕೊಳ್ಳುತ್ತಾಳೆ. ಊರಿನವರು ತೊನ್ನು ಎಂದರು, ಮಗಳ ಸಂಬಂಧ ಕೇಳಿಕೊಂಡು ಬಂದವರು ಹಾಗೇ ಹಿಂದಿರುಗಿದರು. ಆ ಸ್ಟಿಕ್ಕರುಗಳ ಹಾಳೆಯ ಮೇಲೂ ಅಂಟಿನಲ್ಲಿ ಏನಿದೆ ಎಂದು ಬರೆದಿರಲಿಲ್ಲ.

ನನ್ನ ಮುಖ್ಯ ಬೇಡಿಕೆ ಇಷ್ಟು. ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ ದೇವಸ್ಥಾನಗಳು ನಮ್ಮಲ್ಲಿ 34 ಸಾವಿರಕ್ಕೂ ಹೆಚ್ಚು. 2024ರ ಸೆಪ್ಟೆಂಬರ್‌ನಲ್ಲಿ ತಿರುಪತಿ ಲಡ್ಡುವಿನ ತುಪ್ಪದ ಗಲಾಟೆ ಎದ್ದಾಗ, ಈ ದೇವಸ್ಥಾನಗಳ ಪ್ರಸಾದಕ್ಕೂ ದೀಪಕ್ಕೂ ನಂದಿನಿ ತುಪ್ಪವನ್ನೇ ಬಳಸಬೇಕೆಂದು ಸರ್ಕಾರ ಸುತ್ತೋಲೆ ಹೊರಡಿಸಿತು. ಕುಂಕುಮಕ್ಕೂ ಅಂಥದೊಂದು ಸುತ್ತೋಲೆ ಬರಲಿ. ದೇವಸ್ಥಾನಗಳು ಸ್ತ್ರೀಶಕ್ತಿ ಸಂಘಗಳು ಮಾಡಿದ ಅರಿಶಿನದ ಕುಂಕುಮವನ್ನೇ ಕೊಳ್ಳಲಿ. ಆ ಸಂಘಗಳಿಗೆ ಲೈಸೆನ್ಸ್ ಪಡೆಯಲು ತಮ್ಮ ಇಲಾಖೆ ಕೈಹಿಡಿದು ನೆರವಾಗಲಿ. ಪ್ರತಿ ಸಲ ಮಾಡಿದ ಕುಂಕುಮದ ಮಾದರಿಯೂ ಔಷಧ ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗಿ ಬರಲಿ. ಸವದತ್ತಿಯಲ್ಲಿ, ಮೈಲಾರದಲ್ಲಿ ಹಿಡಿ ಹಿಡಿಯಾಗಿ ತೂರುವ ಅರಿಶಿನಪುಡಿಯ ಭಂಡಾರಕ್ಕೂ ಇದೇ ನಿಯಮ ಇರಲಿ, ಅದು ಮೂಗಿಗೂ ಹೋಗುತ್ತದೆ. ಗುಂಡ್ಲುಪೇಟೆಯ ಅರಿಶಿನದ ರೈತನಿಗೂ ಬೆಲೆ ಸಿಕ್ಕೀತು.

ಅರಿಶಿನ ಎಂದ ಮಾತ್ರಕ್ಕೆ ಪರೀಕ್ಷೆ ಬೇಡವೇ ಎಂದು ತಾವು ಕೇಳಬಹುದು. ಖಂಡಿತ ಬೇಕು. ಬಾಂಗ್ಲಾದೇಶದಲ್ಲಿ ಕೊಂಬಿಗೆ ಹೊಳಪು ಕೊಡಲು ಸೀಸದ ಕ್ರೋಮೇಟ್ ಬಳಿಯುತ್ತಿದ್ದರು. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಮಾದರಿಗಳಲ್ಲಿ ಶೇ 47ರಲ್ಲಿ ಸೀಸವಿತ್ತು. ಸರ್ಕಾರ ಮಂಡಿಗಳಿಗೆ ಪರೀಕ್ಷಾ ಯಂತ್ರ ಹಿಡಿದುಕೊಂಡೇ ಹೋಯಿತು, ದಂಡ ಹಾಕಿತು, ಪತ್ರಿಕೆಗಳಲ್ಲಿ ಎಚ್ಚರಿಕೆ ಕೊಟ್ಟಿತು. 2021ರಲ್ಲಿ ಅದು ಸೊನ್ನೆಗಿಳಿಯಿತು. ಯಾವ ಗೃಹಿಣಿಯ ಜಾಣತನದಿಂದಲೂ ಆಗದಿದ್ದ ಕೆಲಸ ಅದು.

ಶಾಂಪೂ ಪ್ಯಾಕೆಟ್ಟಿನ ವಿಷಯವನ್ನೂ ತಮ್ಮ ಮುಂದಿಡಬೇಕು. ಸೌಂದರ್ಯವರ್ಧಕಗಳ ಲೇಬಲ್ಲಿನ ಮೇಲೆ ಪದಾರ್ಥಗಳ ಪಟ್ಟಿ ಕಡ್ಡಾಯ. ಆದರೆ 60 ಮಿಲಿಲೀಟರಿಗಿಂತ ಕಡಿಮೆ ದ್ರವ, 30 ಗ್ರಾಮಿಗಿಂತ ಕಡಿಮೆ ಘನಪದಾರ್ಥದ ಪ್ಯಾಕಿಗೆ ಆ ಪಟ್ಟಿ ಬೇಕಿಲ್ಲ ಎಂಬ ವಿನಾಯಿತಿಯಿದೆ. ದೊಡ್ಡ ಬಾಟಲಿ ಕೊಳ್ಳುವವರಿಗೆ ಒಳಗೇನಿದೆ ಎಂದು ತಿಳಿಯುವ ಹಕ್ಕಿದೆ, ಕೂಲಿಯಿಂದ ಬರುವಾಗ ಪೆಟ್ಟಿಗೆ ಅಂಗಡಿಯಲ್ಲಿ ಒಂದೆರಡು ರೂಪಾಯಿಯ ಪ್ಯಾಕೆಟ್ ಹರಿಸಿಕೊಳ್ಳುವವಳಿಗೆ ಇಲ್ಲ. ಕೆಲವು ಕಂಪನಿಗಳು ತಾವಾಗಿಯೇ ಅಚ್ಚು ಹಾಕುತ್ತವೆ ನಿಜ, ಆದರೆ ಇರುವೆಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ. ಪ್ಯಾಕೆಟ್ಟಿನಲ್ಲಿ ಜಾಗವಿಲ್ಲ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ದಾಸವಾಳದ ಚಿತ್ರಕ್ಕೆ, ಮೊಣಕಾಲುದ್ದ ಕೂದಲಿನ ಹುಡುಗಿಗೆ ಜಾಗವಿದೆಯಲ್ಲ.

ಕನ್ನಡದಲ್ಲಿ ಬರೆಯಲು ಕಾನೂನಿನಲ್ಲಿ ದಾರಿಯಿಲ್ಲವೆಂದೂ ಅಲ್ಲ. ಪ್ಯಾರಾ ಫಿನಿಲೀನ್ ಡೈಅಮೀನ್ ಇರುವ ತಲೆಗೂದಲ ಬಣ್ಣದ ಮೇಲೆ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಗಳಲ್ಲೂ ಹಾಕಬೇಕೆಂದು ನಿಯಮವೇ ಹೇಳುತ್ತದೆ. ಚರ್ಮಕ್ಕೆ ಒಗ್ಗದಿರಬಹುದು, ಮೊದಲು ಸ್ವಲ್ಪ ಹಚ್ಚಿ ಪರೀಕ್ಷಿಸಿ, ಹುಬ್ಬಿಗೆ ಹಚ್ಚಬೇಡಿ, ಕಣ್ಣು ಹೋದೀತು ಎಂಬ ಎಚ್ಚರಿಕೆ ಅದು. ಅಲ್ಲಿ ಸಾಧ್ಯವಾದದ್ದು ಪದಾರ್ಥಗಳ ಪಟ್ಟಿಗೂ ಸಾಧ್ಯ. ಇದೇ ರಾಸಾಯನಿಕ ಬೆರೆಸಿದ ಕಪ್ಪು ಮೆಹಂದಿ ಕೋನುಗಳು ಹರ್ಬಲ್ ಎಂಬ ಹೆಸರಿನಲ್ಲಿ ಮದುವೆಮನೆಗಳಿಗೆ ಬರುತ್ತವೆ, ಮದುಮಗಳ ಕೈಯಲ್ಲಿ ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ನೈಸರ್ಗಿಕ, ಪರಿಸರಸ್ನೇಹಿ ಎಂಬ ಮಾತುಗಳನ್ನು ಆಧಾರವಿಲ್ಲದೆ ಬಳಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸಂತೆಯ ಅಂಗಡಿಗೆ ಅದನ್ನು ತಲುಪಿಸಲು ತಮ್ಮ ಡ್ರಗ್ ಇನ್‌ಸ್ಪೆಕ್ಟರುಗಳೂ ನೆರವಾಗಲಿ. ಸಣ್ಣ ಪ್ಯಾಕುಗಳ ವಿನಾಯಿತಿ ತೆಗೆಯುವ ಅಧಿಕಾರ ಕೇಂದ್ರದ್ದು. ಆದರೆ ರಾಜ್ಯಗಳ ಪ್ರತಿನಿಧಿಗಳು ಕೂರುವ ಔಷಧ ಸಲಹಾ ಸಮಿತಿಯಲ್ಲಿ ಕರ್ನಾಟಕ ಈ ಮಾತನ್ನು ಎತ್ತಬಹುದು, ಎತ್ತಬೇಕು.

ಸಾಬೂನಿನ ವಿಷಯದಲ್ಲಿ ಸ್ವಲ್ಪ ಬೆಳಕಿದೆ. ಕೊಬ್ಬಿನಾಂಶ ಶೇ 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗ್ರೇಡ್ 1, 70ಕ್ಕೆ ಗ್ರೇಡ್ 2, 60ಕ್ಕೆ ಗ್ರೇಡ್ 3. ಬೇದಿಂಗ್ ಬಾರ್ ಎಂದಿದ್ದರೆ 40 ಇದ್ದರೂ ಸಾಕು. ಇದನ್ನು ಓದಿಕೊಂಡು ಕೊಳ್ಳುವವರು ಕಡಿಮೆ, ಏಕೆಂದರೆ ಹೊದಿಕೆಯ ಮೇಲೆ ಅದು ಕನ್ನಡದಲ್ಲಿಲ್ಲ. ಸರ್ಕಾರದ್ದೇ ಸಾಬೂನು ಕಾರ್ಖಾನೆಯಿರುವ ರಾಜ್ಯ ನಮ್ಮದು. ದರ್ಜೆಯನ್ನೂ ಪೂರ್ತಿ ಪದಾರ್ಥಗಳನ್ನೂ ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿ ಅದು ಉಳಿದವರಿಗೆ ಮೇಲ್ಪಂಕ್ತಿಯಾಗಬಹುದು. ತಮ್ಮ ಸಂಪುಟದ ಸಹೋದ್ಯೋಗಿಗಳಿಗೆ ಒಂದು ಮಾತು ಹೇಳಿ.

ಬೆಳ್ಳಗಾಗುವ ಕ್ರೀಮುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಪಕ್ಕದ ಕೇರಳವೇ ಸಾಕ್ಷಿ. ಮಲಪ್ಪುರಂ ಜಿಲ್ಲೆಯ ವೈದ್ಯರು 2023ರಲ್ಲಿ ಮೂತ್ರಪಿಂಡದ ಕಾಯಿಲೆಗೆ ಇಂಥ ಕ್ರೀಮುಗಳ ನಂಟನ್ನು ಗುರುತಿಸಿದರು. ಅದೇ ವರ್ಷ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂದು ಹೆಸರಿಟ್ಟು ಅಂಗಡಿಗಳ ತಪಾಸಣೆಗೆ ಇಳಿಯಿತು. ನಾವೂ ಇಳಿಯೋಣ.

ನೀರಿನ ಮಾತು ಹೇಳದಿದ್ದರೆ ಪತ್ರ ಅಪೂರ್ಣವಾದೀತು. 2025ರಲ್ಲಿ ತಮ್ಮ ಸರ್ಕಾರದ ಅರಣ್ಯ ಮತ್ತು ಪರಿಸರ ಸಚಿವರು ತೀರ್ಥಕ್ಷೇತ್ರಗಳ ಸ್ನಾನಘಟ್ಟದಿಂದ 500 ಮೀಟರ್ ಒಳಗೆ ಸಾಬೂನು, ಶಾಂಪೂ ಮಾರುವುದನ್ನು ತಡೆಯಲು ಅಧಿಕಾರಿಗಳಿಗೆ ಸೂಚಿಸಿದರು. ಒಳ್ಳೆಯ ಆದೇಶ. ಆದರೆ ನಂಜನಗೂಡಿನ ಕಪಿಲೆಯಲ್ಲಿ ಮುಳುಗೇಳುವವರು ಪ್ಯಾಕೆಟ್ ಬಿಟ್ಟು ಏನು ಬಳಸಬೇಕು? ಅದೇ ಘಟ್ಟದಲ್ಲಿ ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟಿನ ಕಾಗದದ ಪೊಟ್ಟಣ ಸಿಗಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸೀಗೆಕಾಯಿ, ಅಂಟುವಾಳ ಆರಿಸಿ ತರುವವರು, ಅವರ ಸಹಕಾರ ಸಂಘಗಳೂ ಇವೆ. ಸೀಗೆ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಅದನ್ನೂ ಆ ಪೊಟ್ಟಣದ ಮೇಲೆ ಬರೆಯಲಿ.

ಇನ್ನೊಂದು ಮಾತನ್ನು ಹೆಣ್ಣಾಗಿ ಹೇಳುತ್ತೇನೆ. ನೈಸರ್ಗಿಕ ಜೀವನದ ಉಪದೇಶ ಕೊನೆಗೆ ಬಂದು ಬೀಳುವುದು ಅಡುಗೆಮನೆಯ ಒರಳಿನ ಮೇಲೆ. ಸೀಗೆ ಕುಟ್ಟುವವಳು, ಕುಂಕುಮ ಸೋಸುವವಳು, ಕಾಡಿಗೆಗೆ ಹರಳೆಣ್ಣೆ ದೀಪ ಹಚ್ಚಿ ಕೂರುವವಳು ಅವಳೇ. ಗಾರ್ಮೆಂಟ್ಸ್‌ಗೆ ಹೋಗಲು ಬೆಳಗಿನ ಜಾವ ಬಸ್ಸು ಹಿಡಿಯುವವಳಿಗೆ ಇದನ್ನೆಲ್ಲ ನೀನೇ ಮನೆಯಲ್ಲಿ ಮಾಡಿಕೋ ಎನ್ನುವುದು ಅನ್ಯಾಯ. ಅವಳು ಅಂಗಡಿಯಿಂದಲೇ ಕೊಳ್ಳಲಿ. ಕೊಂಡದ್ದು ವಿಷವಲ್ಲ ಎಂಬ ಖಾತರಿ ಕೊಡುವುದು ಸರ್ಕಾರದ ಕೆಲಸ.

ಆದ್ದರಿಂದ ಮೊದಲು ಇಷ್ಟು ಮಾಡಿ. ನವರಾತ್ರಿಗೆ ಮುನ್ನ ಚಾಮುಂಡಿಬೆಟ್ಟ, ನಂಜನಗೂಡು, ಕೊಲ್ಲೂರು, ಸವದತ್ತಿ, ಬಾದಾಮಿ ಬನಶಂಕರಿ, ಈ ಐದು ಸನ್ನಿಧಿಗಳ ಮುಂದಿನ ಅಂಗಡಿಗಳಿಂದ ಕುಂಕುಮ, ಭಂಡಾರ, ಕಾಡಿಗೆಗಳ ಮಾದರಿ ತೆಗೆಸಿ. ಯಾವುದರಲ್ಲಿ ಎಷ್ಟು ಸೀಸ, ಯಾವ ಬಣ್ಣ ಎಂಬುದನ್ನು ಗೋಬಿಯ ಲೆಕ್ಕದಂತೆಯೇ ಪತ್ರಿಕೆಗಳಿಗೆ ಕೊಡಿ. ಮಾದರಿಗೆಂದು ನಮ್ಮ ಜಿಲ್ಲೆಗೆ ಬರುವ ಇನ್‌ಸ್ಪೆಕ್ಟರಿಗೆ ನಮ್ಮ ಸಂಘದ ಹೆಂಗಸರು ತಾವು ಮಾಡಿದ ಕುಂಕುಮವನ್ನೂ ಕೊಡಲು ಒಪ್ಪಿದ್ದಾರೆ. ಅದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿ, ಫಲಿತಾಂಶ ಏನೇ ಬಂದರೂ ಪ್ರಕಟಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ,
ಚಾಮರಾಜನಗರ