ಜಾತಕದ ಜೊತೆ ವೀಸಾವನ್ನೂ ಕೇಳೋಣ

ಅಮೆರಿಕದ ಹುಡುಗನ ಸಂಬಂಧ ಬಂದಾಗ ನಮ್ಮ ಮನೆಗಳಲ್ಲಿ ಏನೇನು ವಿಚಾರಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ನಕ್ಷತ್ರ, ಗೋತ್ರ, ಸಂಬಳ, ಊರಲ್ಲಿ ಮನೆ ಇದೆಯೇ, ಅಣ್ಣ ತಮ್ಮಂದಿರೆಷ್ಟು ಎಂಬುದೆಲ್ಲ ಬಂದುಹೋಗುತ್ತದೆ. ಆದರೆ ಹುಡುಗ ಅಲ್ಲಿ ಯಾವ ವೀಸಾದಲ್ಲಿದ್ದಾನೆ ಎಂದು ಕೇಳುವವರು ಕಡಿಮೆ. ಮದುವೆಯಾಗಿ ಹೋಗುವವಳ ಮುಂದಿನ ಹಲವು ವರ್ಷಗಳನ್ನು ನಿರ್ಧರಿಸುವ ಪ್ರಶ್ನೆಯೇ ಅದು.

‘ಅಮೆರಿಕದಲ್ಲಿದ್ದಾನೆ’ ಎಂಬ ಒಂದು ಮಾತಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ಬದುಕುಗಳಿವೆ. ಹುಡುಗ ಎಚ್‌-1ಬಿ ವೀಸಾದಲ್ಲಿದ್ದರೆ ಹೆಂಡತಿಗೆ ಸಿಗುವುದು ಎಚ್‌-4. ಅದರಲ್ಲಿ ಅವಳು ಅಲ್ಲಿ ವಾಸಿಸಬಹುದು, ಓದಬಹುದು, ಆದರೆ ದುಡಿಯುವಂತಿಲ್ಲ. 2015ರ ನಿಯಮದಂತೆ, ಮುಖ್ಯವಾಗಿ ಗಂಡನ ಕಂಪನಿ ಅವನ ಗ್ರೀನ್ ಕಾರ್ಡ್‌ಗಾಗಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿದ್ದರೆ ಅವಳು ಕೆಲಸದ ಪರವಾನಗಿ ಕೇಳಬಹುದು. ಅಲ್ಲಿಯವರೆಗೆ ಅವಳ ಡಿಗ್ರಿ ಪೆಟ್ಟಿಗೆಯಲ್ಲೇ ಇರಬೇಕು.

ಹುಡುಗನಿಗೆ ಗ್ರೀನ್ ಕಾರ್ಡ್ ಇದ್ದರೆ ‘ಇನ್ನೇನು ಚಿಂತೆ’ ಎಂದುಕೊಳ್ಳುತ್ತೇವೆ. ಆದರೆ ಗ್ರೀನ್ ಕಾರ್ಡ್ ಇರುವವರ ಸಂಗಾತಿಗಳಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯಿದೆ, ಸರದಿ ಇದೆ. ಅದು ವರ್ಷಗಟ್ಟಲೆ ಎಳೆಯಬಹುದು. ಈ ನಡುವೆ ಪ್ರವಾಸಿ ವೀಸಾದಲ್ಲಿ ಹೋಗಿ ಬರೋಣವೆಂದರೆ, ಹೋದವಳು ಅಲ್ಲೇ ಉಳಿದುಬಿಡುತ್ತಾಳೆ ಎಂಬ ಅನುಮಾನಕ್ಕೆ ಅದು ಸಿಗುವುದೂ ಕಷ್ಟ. ಮದುವೆಯಾಗಿಯೂ ಅವನಲ್ಲಿ, ಇವಳಿಲ್ಲಿ.

ಹುಡುಗ ಅಲ್ಲಿನ ಪೌರನಾಗಿದ್ದರೆ ಈ ವಾರ್ಷಿಕ ಮಿತಿ ಇಲ್ಲ. ಆದರೂ ಅರ್ಜಿ, ಗಂಡನ ಆದಾಯದ ದಾಖಲೆ, ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಸಂದರ್ಶನ ಎಲ್ಲವೂ ಆಗಬೇಕು. ಮದುವೆಯಾಗಿ 2 ವರ್ಷ ತುಂಬುವ ಮೊದಲೇ ಹೋದರೆ ಸಿಗುವುದು 2 ವರ್ಷದ ಷರತ್ತಿನ ಕಾರ್ಡ್. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು.

ನನ್ನ ಚಿಕ್ಕಮ್ಮನ ಮಗಳು ಇಲ್ಲಿ 4 ವರ್ಷ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿದವಳು. ಈಗ 3 ವರ್ಷದಿಂದ ಎಚ್‌-4ರಲ್ಲಿ ಮನೆಯಲ್ಲಿದ್ದಾಳೆ. ಭಾವ ಒಳ್ಳೆಯವರು, ಕೇಳಿದ್ದಕ್ಕೆ ಇಲ್ಲ ಎಂದವರಲ್ಲ. ಆದರೂ ಅಕ್ಕ ಒಮ್ಮೆ ಫೋನಿನಲ್ಲಿ, ‘ಅವರು ಕೊಡ್ತಾರೆ ಕಣೇ, ಕೇಳೋದೇ ಕಷ್ಟ’ ಎಂದಳು. ಮದುವೆಗೆ ಮುಂಚೆ ಈ ವಿಷಯವನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಲಿಲ್ಲ, ಅಷ್ಟೇ.

ಕಳೆದ ವರ್ಷ ನನಗೊಂದು ಸಂಬಂಧ ಬಂದಾಗ ನಾನು ಕೇಳಿದೆ. ಹುಡುಗನ ಕಡೆಯ ಹಿರಿಯರೊಬ್ಬರು, ‘ಈಗಲೇ ಕಾಗದಪತ್ರ ಕೇಳ್ತಾಳಲ್ಲ’ ಎಂದು ನಕ್ಕರು. ನಮ್ಮ ಸೋದರಮಾವನಿಗೆ ಮುಜುಗರವಾಯಿತು. ಆದರೆ ಹುಡುಗ ಬೇಸರಿಸಿಕೊಳ್ಳದೆ, ಎಚ್‌-1ಬಿಯಲ್ಲಿ ಎರಡನೇ ವರ್ಷ, ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಶುರುವಾಗಿಲ್ಲ ಎಂದು ನೇರವಾಗಿ ಹೇಳಿದರು. ನಾನು ಕೆಲಸ ಬಿಡಲು ಸಿದ್ಧಳಿರಲಿಲ್ಲ. ಆ ಸಂಬಂಧ ಮುಂದುವರಿಯಲಿಲ್ಲ. ಇಬ್ಬರಿಗೂ ಅದರಲ್ಲಿ ಮುನಿಸೂ ಉಳಿಯಲಿಲ್ಲ.

‘ನಂಬಿಕೆ ಇಲ್ಲದ ಮೇಲೆ ಮದುವೆ ಯಾಕೆ’ ಎಂದು ದೊಡ್ಡವರು ಕೇಳುತ್ತಾರೆ. ನಂಬಿಕೆ ಬೇಕು, ನಿಜ. ಆದರೆ ಇಲ್ಲಿ ಕಾನೂನೇ ಕೀಲಿಯನ್ನು ಒಬ್ಬರ ಕೈಗೆ ಕೊಟ್ಟಿದೆ. ಹೆಂಡತಿಯ ಪರವಾಗಿ ಅರ್ಜಿ ಹಾಕುವವನು ಗಂಡ, ಅದನ್ನು ಹಿಂಪಡೆಯಬಲ್ಲವನೂ ಅವನೇ. ವಿಚ್ಛೇದನವಾದರೆ ಎಚ್‌-4 ಕೂಡ ಅಲ್ಲಿಗೇ ಮುಗಿಯುತ್ತದೆ. ಗಂಡ ಎಷ್ಟೇ ಒಳ್ಳೆಯವನಾದರೂ ಈ ನಿಯಮ ಬದಲಾಗುವುದಿಲ್ಲ. ಪೌರರ ಅಥವಾ ಗ್ರೀನ್ ಕಾರ್ಡ್ ಇರುವವರ ಸಂಗಾತಿ ದೌರ್ಜನ್ಯಕ್ಕೆ ಒಳಗಾದರೆ, ಗಂಡನ ಸಹಿ ಇಲ್ಲದೆ ತಾವೇ ಅರ್ಜಿ ಹಾಕಿಕೊಳ್ಳಲು ಅಮೆರಿಕದ 1994ರ ಕಾಯ್ದೆ ಅವಕಾಶ ಕೊಟ್ಟಿದೆ. ಆದರೆ ಗಂಡ ಯಾವ ವೀಸಾದಲ್ಲಿದ್ದಾನೆ ಎಂಬುದೇ ತಿಳಿಯದವಳಿಗೆ ಆ ಬಾಗಿಲು ಕಾಣುವುದಾದರೂ ಹೇಗೆ?

ನಮ್ಮಲ್ಲೂ ಈ ಚಿಂತೆ ಹೊಸದಲ್ಲ. ಅನಿವಾಸಿ ಮದುವೆಗಳ ದೂರು ಕೇಳಲು ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ಘಟಕವಿದೆ. ಇಂಥ ಮದುವೆಗಳ ನೋಂದಣಿ ಕಡ್ಡಾಯವಾಗಲಿ, ಸಮಗ್ರ ಕಾನೂನು ಬರಲಿ ಎಂದು ಕಾನೂನು ಆಯೋಗ 2024ರಲ್ಲಿ ಶಿಫಾರಸು ಮಾಡಿದೆ. ಕಾನೂನು ಬಂದಾಗ ಬರಲಿ. ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಕೆಲವಿವೆ. ನಿಶ್ಚಿತಾರ್ಥಕ್ಕೆ ಮೊದಲೇ ವೀಸಾ ಯಾವುದು, ಅದರ ಅವಧಿ ಎಷ್ಟು, ಸಂಗಾತಿ ಕೆಲಸ ಮಾಡಬಹುದೇ ಎಂದು ಕೇಳಬಹುದು. ಛತ್ರದ ಬಾಡಿಗೆಗೆ ಓಡಾಡುವಷ್ಟೇ ಆಸ್ಥೆಯಿಂದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸಬಹುದು. ಅರ್ಜಿ ಸಲ್ಲಿಸಿದ ಮೇಲೆ ಸಿಗುವ ರಸೀದಿ ಸಂಖ್ಯೆ ಹುಡುಗಿಯ ಬಳಿಯೂ ಇರಬೇಕು. ಅದಿದ್ದರೆ ಅರ್ಜಿ ಎಲ್ಲಿಗೆ ಬಂತು ಎಂಬುದನ್ನು ಅವಳೇ ಆನ್‌ಲೈನ್‌ನಲ್ಲಿ ನೋಡಿಕೊಳ್ಳಬಹುದು.

ಇದು ಹುಡುಗಿಯರಿಗಷ್ಟೇ ಹೇಳುವ ಮಾತಲ್ಲ. ಈಗ ಹೆಂಡತಿ ಎಚ್‌-1ಬಿಯಲ್ಲಿದ್ದು ಗಂಡ ಎಚ್‌-4ರಲ್ಲಿ ಹೋಗುವುದೂ ಇದೆ. ಕೆಲಸವಿಲ್ಲದೆ ಮನೆಯಲ್ಲಿ ಕೂತ ಅಳಿಯನನ್ನು ಊರು ಹೇಗೆ ಆಡಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಗ್ರೀನ್ ಕಾರ್ಡ್ ಇದೆಯೆಂದು ವರದಕ್ಷಿಣೆಯ ಲೆಕ್ಕ ಏರಿಸುವುದನ್ನೂ ನಾನು ಒಪ್ಪುವುದಿಲ್ಲ. ವೀಸಾ ಕೇಳುವುದು ಚೌಕಾಸಿಗಲ್ಲ, ತಿಳಿದು ಹೆಜ್ಜೆಯಿಡುವುದಕ್ಕೆ.

ಎಲ್ಲ ತಿಳಿದ ಮೇಲೂ ಕೆಲಸ ಬಿಟ್ಟು ಹೋಗುತ್ತೇನೆ ಎನ್ನುವವರನ್ನು ನಾನು ತಪ್ಪೆನ್ನುವುದಿಲ್ಲ. ಪ್ರೀತಿಗಾಗಿ, ಸಂಸಾರಕ್ಕಾಗಿ ಕಾಯುವವರು ಸುಖವಾಗಿಯೂ ಇದ್ದಾರೆ. ನನ್ನ ಕೋರಿಕೆ ಇಷ್ಟೇ: ಎಷ್ಟು ಕಾಲ ಕಾಯಬೇಕಾದೀತು ಎಂಬುದು ಧಾರೆಗೆ ಮೊದಲೇ ಗೊತ್ತಿರಲಿ. ಮನೆಯ ಹಿರಿಯರು ಕೇಳಲು ಸಂಕೋಚಪಟ್ಟರೆ ಮದುವೆಯಾಗುವವರೇ ಕೇಳಲಿ.