ಘೇಂಡಾಮೃಗಕ್ಕೆ ಸಿಕ್ಕ ಕಾವಲು ತೋಳಕ್ಕೇಕೆ ಇಲ್ಲ?

ಒಂಟಿಕೊಂಬಿನ ಘೇಂಡಾಮೃಗ ಮತ್ತು ನಮ್ಮ ಬಯಲುಸೀಮೆಯ ತೋಳ, ಇವೆರಡರಲ್ಲಿ ಇಂದು ಯಾವುದರ ಸಂಖ್ಯೆ ಕಡಿಮೆ? ಘೇಂಡಾಮೃಗದ್ದೆಂದು ಹೆಚ್ಚಿನವರು ಹೇಳುವರು. ಆದರೆ ಭಾರತ ಮತ್ತು ನೇಪಾಳಗಳಲ್ಲಿ ಇಂದು 4,000ಕ್ಕೂ ಮಿಕ್ಕಿ ಘೇಂಡಾಮೃಗಗಳಿವೆ. ಭಾರತೀಯ ತೋಳಗಳು ಉಳಿದಿರುವುದು ಸುಮಾರು 3,000 ಎಂದು ತಜ್ಞರ ಅಂದಾಜು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಟೆಗಾರರ ಕೈಗೆ ಸಿಕ್ಕ ಘೇಂಡಾಮೃಗದ ಸಂತತಿ 200ರ ಆಸುಪಾಸಿಗೆ ಇಳಿದಿತ್ತು. ಅಸ್ಸಾಮಿನ ಕಾಜಿರಂಗಕ್ಕೆ 1905ರ ನಂತರ ರಕ್ಷಣೆ ದೊರೆಯಿತು. 2022ರ ಗಣತಿಯಲ್ಲಿ ಅಲ್ಲೊಂದರಲ್ಲೇ 2,613 ಪ್ರಾಣಿಗಳಿದ್ದವು. ನಮ್ಮ ಕೂದಲು, ಉಗುರುಗಳಲ್ಲಿರುವ ಕೆರಾಟಿನ್ನಿಂದಲೇ ಆದ ಕೊಂಬಿಗೆ ಔಷಧಗುಣವಿದೆಯೆಂಬ ಮೂಢನಂಬಿಕೆಯನ್ನು ಅಲ್ಲಗಳೆಯಲು ಅಸ್ಸಾಂ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ 2,479 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟಿತು. ಆಫ್ರಿಕದ ಉತ್ತರದ ಬಿಳಿ ಘೇಂಡಾಮೃಗಕ್ಕೆ ಈ ಭಾಗ್ಯವಿರಲಿಲ್ಲ. 2018ರಲ್ಲಿ ಅದರ ಕೊನೆಯ ಗಂಡು ಸತ್ತಾಗ ಉಳಿದಿದ್ದವು ಎರಡೇ ಹೆಣ್ಣುಗಳು. ಮನುಷ್ಯ ಸಕಾಲದಲ್ಲಿ ಮನಸ್ಸು ಮಾಡಿದೆಡೆ ಜೀವ ಉಳಿಯಿತು, ತಡಮಾಡಿದೆಡೆ ಅಳಿಯಿತು.

ಈಗ ನಮ್ಮ ಜಿಲ್ಲೆಗೆ ಬರೋಣ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಕುರುಚಲು ಕಾಡು ಇಂದು ತೋಳಧಾಮವಾಗಿದೆ. ಕರ್ನಾಟಕದಲ್ಲಿ ಇದೇ ಮೊದಲನೆಯದು. ದೇಶದಲ್ಲಿ ಇದಕ್ಕೆ ಮುಂಚೆ 1976ರಲ್ಲಿ ಇಂದಿನ ಜಾರ್ಖಂಡಿನ ಮಹುವಾಡಾಂಡದಲ್ಲಿ ಮಾತ್ರ ಇಂಥ ಧಾಮ ಸ್ಥಾಪನೆಯಾಗಿತ್ತು. 2025ರಲ್ಲಿ ಬಂಕಾಪುರದಲ್ಲಿ 8 ಮರಿಗಳು ಹುಟ್ಟಿದ ಸುದ್ದಿ ಬಂದಾಗ ಸಂತೋಷಪಟ್ಟವರು ಬಹಳ. ಆದರೆ ಲೆಕ್ಕ ಹಾಕಿ ನೋಡಿ: 332 ಹೆಕ್ಟೇರ್ ಎಂದರೆ ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ತೋಳದ ಒಂದು ಗುಂಪು ಆಹಾರಕ್ಕಾಗಿ ನೂರು ಚದರ ಕಿಲೋಮೀಟರನ್ನೂ ಮೀರಿ ಅಲೆಯಬಲ್ಲದು. ಧಾಮದ ನಾಮಫಲಕ ಎಲ್ಲಿ ಮುಗಿಯುತ್ತದೆಂದು ತೋಳಕ್ಕೆ ತಿಳಿಯದು. ಅದರ ನಿಜವಾದ ಮನೆ ಧಾಮದ ಹೊರಗಿರುವ ಗೋಮಾಳ, ಗುಡ್ಡ, ಹಳ್ಳದ ದಂಡೆ ಮತ್ತು ಬೀಳುಬಿಟ್ಟ ಹೊಲಗಳು.

ಇವನ್ನೇ ನಾವು 'ಬಂಜರು' ಎಂದು ಕರೆಯುತ್ತೇವೆ. ಕುರುಚಲು ನೆಲವನ್ನು ಸರ್ಕಾರದ ನಕಾಶೆಗಳೂ ಪಾಳುಭೂಮಿಯ ಪಟ್ಟಿಗೆ ಸೇರಿಸುತ್ತವೆ. ಒಮ್ಮೆ ಆ ಹೆಸರು ಬಿದ್ದರೆ ಸಾಕು, ಕಲ್ಲುಗಣಿಗೆ ಕೊಡಲು, ಗಾಳಿಯಂತ್ರ ನಿಲ್ಲಿಸಲು, ನಿವೇಶನ ಮಾಡಲು ಯಾರೂ ಹಿಂಜರಿಯರು. ಕುಷ್ಟಗಿ, ಯಲಬುರ್ಗಾಗಳ ಹುಲ್ಲುಗಾವಲು ನಿಜಕ್ಕೂ ಬಂಜರಾದರೆ ಅಲ್ಲಿ ಕುರಿ ಮೇಯುವುದು ಹೇಗೆ? ಕೃಷ್ಣಮೃಗ ಬದುಕುವುದು ಹೇಗೆ? ಸೃಷ್ಟಿಕರ್ತನು ಒಳ್ಳೆಯದೆಂದು ಕಂಡ ನೆಲವನ್ನು ನಿರುಪಯುಕ್ತವೆಂದು ಬರೆಯುವ ಅಧಿಕಾರ ನಮಗೆ ಕೊಟ್ಟವರು ಯಾರು? ಆ ನೆಲ ಹೋದರೆ ತೋಳವೂ ಹೋಗುತ್ತದೆ, ಕುರಿಗಾಹಿಯ ಕಸುಬೂ ಹೋಗುತ್ತದೆ.

"ಪ್ರಭುವೇ ತೋಳವನ್ನು ಮಂದೆಯ ವೈರಿ ಎಂದಿರುವಾಗ ಅದರ ಪರವಾಗಿ ವಾದವೇಕೆ?" ಎಂದು ಕೆಲವರು ಕೇಳಬಹುದು. ಉತ್ತಮ ಕುರಿಗಾಹಿಯ ಸಾಮತಿಯನ್ನು ಮತ್ತೊಮ್ಮೆ ಓದಿರಿ. ಅಲ್ಲಿ ಖಂಡನೆಗೆ ಗುರಿಯಾಗುವುದು ತೋಳವಲ್ಲ, ತೋಳವನ್ನು ಕಂಡು ಕುರಿಗಳನ್ನು ಬಿಟ್ಟು ಓಡುವ ಕೂಲಿಯಾಳು. ಪ್ರವಾದಿ ಯೆಶಾಯನು ಕಂಡ ಶಾಂತಿಯ ರಾಜ್ಯದಲ್ಲಿ ತೋಳಕ್ಕೂ ಸ್ಥಾನವಿದೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ನಮ್ಮ ನಾಡಿನದು. ಅದಕ್ಕೆ ಶುಭಸಂದೇಶದ ಮುದ್ರೆ ಒತ್ತುವುದು ಬೇಡ.

ಹಾಗೆಂದು ಕುರಿ ಕಳೆದುಕೊಂಡವನ ನೋವನ್ನು ಅಲ್ಲಗಳೆಯಲಾಗದು. ಪಟ್ಟಣದಲ್ಲಿ ಕುಳಿತು ತೋಳವನ್ನು ಪ್ರೀತಿಸುವುದಕ್ಕೆ ಖರ್ಚಿಲ್ಲ, ಖರ್ಚೆಲ್ಲ ಹಟ್ಟಿಯವನದು. ಗುಬ್ಬಿಯೊ ಪಟ್ಟಣದ ತೋಳವನ್ನು ಸಂತ ಅಸ್ಸಿಸಿಯ ಫ್ರಾನ್ಸಿಸರು ಪಳಗಿಸಿದ ಕಥೆ ನಿಮಗೆ ಗೊತ್ತು. ಅದರ ಮುಖ್ಯಾಂಶವನ್ನು ಮಾತ್ರ ನಾವು ಮರೆಯುತ್ತೇವೆ. ಅಲ್ಲಿ ಆದದ್ದು ಒಪ್ಪಂದ: ತೋಳ ಹಾನಿ ಮಾಡಬಾರದು, ಅದಕ್ಕೆ ಪ್ರತಿಯಾಗಿ ಊರೆಲ್ಲ ಸೇರಿ ಅದಕ್ಕೆ ಆಹಾರ ಕೊಡಬೇಕು. ಹೊರೆ ಒಬ್ಬ ಕುರಿಗಾಹಿಯ ಹೆಗಲಿಗೆ ಬೀಳಲಿಲ್ಲ.

ನಮ್ಮ ಕಾಲದಲ್ಲಿ ಆ ಒಪ್ಪಂದದ ಹೆಸರು ಪರಿಹಾರಧನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೋಳಕ್ಕೆ ಮೊದಲನೆಯ ಅನುಸೂಚಿಯ ರಕ್ಷಣೆ ಕೊಟ್ಟಿದೆ. ಆದರೆ ಮರಿಯನ್ನು ಕಚ್ಚಿಕೊಂಡು ಹೋದ ತೋಳ ಹಿಂದೆ ಕಳೇಬರವನ್ನು ಬಿಟ್ಟುಹೋಗುವುದಿಲ್ಲ. ಊರಿಂದೂರಿಗೆ ಅಲೆಯುವ ಕುರಿಗಾಹಿ ಯಾವ ಸಾಕ್ಷ್ಯ ಹಿಡಿದು, ಎಷ್ಟು ಸಲ ಕಚೇರಿಗೆ ಹೋಗಬೇಕು? ಬರಿಗೈಯಲ್ಲಿ ಮರಳಿದವನು ನಾಳೆ ಗವಿಯ ಬಾಯಿಗೆ ಹೊಗೆ ಹಾಕಿದರೆ ತಪ್ಪು ಅವನೊಬ್ಬನದೇ? ಕಾಯ್ದೆ ಮಾಡಿದ ನಾವೆಲ್ಲರೂ ಆ ತಪ್ಪಿನಲ್ಲಿ ಪಾಲುದಾರರು.

ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಕೂಗು ಮತ್ತು ಬಡವರ ಕೂಗನ್ನು ಒಟ್ಟಿಗೆ ಕೇಳಬೇಕೆಂದು ಕರೆಯಿತ್ತರು. ನಮ್ಮಲ್ಲಿ ಆ ಎರಡು ಕೂಗುಗಳು ತೋಳದ್ದೂ ಕುರಿಗಾಹಿಯದೂ ಆಗಿವೆ. ಆದ್ದರಿಂದ ಧರ್ಮಕೇಂದ್ರದ ಕುಟುಂಬಗಳೇ, ನಿಮ್ಮೂರ ಗೋಮಾಳವನ್ನು ಪರಭಾರೆ ಮಾಡುವ ಮಾತು ಗ್ರಾಮಸಭೆಗೆ ಬಂದ ದಿನ ಮನೆಯಲ್ಲಿ ಕೂರಬೇಡಿ. ಕುರಿ ಕಳೆದುಕೊಂಡ ನೆರೆಯವನಿಗೆ, ಅವನು ಯಾವ ಮತದವನೇ ಆಗಿರಲಿ, ಅರ್ಜಿ ಬರೆದುಕೊಡಿ. ಅವನ ಜೊತೆ ಕಚೇರಿಗೆ ಹೋಗಿ. ಹಬ್ಬ, ಮದುವೆಗಳ ಮಾಂಸದ ತ್ಯಾಜ್ಯವನ್ನು ಊರ ಹೊರಗೆ ಸುರಿಯಬೇಡಿ. ಅದನ್ನು ತಿಂದು ಹೆಚ್ಚುವ ಬೀದಿನಾಯಿಗಳಿಂದಲೇ ತೋಳಗಳಿಗೆ ರೇಬೀಸ್ ಮೊದಲಾದ ರೋಗ ಹರಡುತ್ತದೆ, ತಳಿಯೂ ಬೆರೆಯುತ್ತದೆ. ಸಾಕುನಾಯಿಗಳಿಗೆ ತಪ್ಪದೆ ಲಸಿಕೆ ಹಾಕಿಸಿ.

ಅಸ್ಸಾಮಿನ ಜನ ಘೇಂಡಾಮೃಗಕ್ಕಾಗಿ ನೂರು ವರ್ಷ ಕಾದರು. ನಮ್ಮ ತೋಳಕ್ಕೆ ಅಷ್ಟು ಕಾಲಾವಕಾಶವಿಲ್ಲ.